ಅಂಗಡಿ, ಮನೆ, ಬಸದಿ: ಅದರಾಚೆ ಇಲ್ಲ

ವಿಜಯರಾಜರು ವ್ರತ ಹಿಡಿದದ್ದು ಆಷಾಢ ಶುದ್ಧ ಚತುರ್ದಶಿಯ ಬೆಳಿಗ್ಗೆ. ಹೆದರಿದ್ದು ಅದಕ್ಕೆ ಹನ್ನೊಂದು ದಿನ ಮೊದಲು. ಮೂಡುಬಿದಿರೆಗೆ ಗೊತ್ತಾದದ್ದು ವ್ರತ ಮಾತ್ರ.

ಹೆದರಿದ ದಿನ ಅವರು ಭೋಜ ಎಂಬವನ ಜೊತೆ ಬೆಳಗಿನ ವಾಕಿಂಗಿಗೆ ಹೊರಟಿದ್ದರು. ಭೋಜ ಶಾಲಾದಿನಗಳ ಗೆಳೆಯ, ವಾಮದಪದವಿನಲ್ಲಿ ಹೋಟೆಲು ನಡೆಸುವವ. ವಾರಕ್ಕೆರಡು ಸಲ ಸಾಮಾನು ಒಯ್ಯಲು ಪೇಟೆಗೆ ಬಂದಾಗ ಪಾತ್ರೆ ಅಂಗಡಿಯ ಈ ಗೆಳೆಯನನ್ನು ಎಬ್ಬಿಸಿ ನಡೆಸುವುದು ಅವನು ತಾನಾಗಿ ಹೊತ್ತುಕೊಂಡ ಸಮಾಜಸೇವೆ. ನಡೆಯುವುದಕ್ಕಿಂತ ಹೆಚ್ಚು ಅವನು ಮಾತಾಡುತ್ತಿದ್ದ: ತನ್ನ ಯೂರಿಕ್ ಆ್ಯಸಿಡ್ಡು, ಮಗ ಶೋಧನ್ ಕೊಲ್ಲಿಯಿಂದ ಬಂದು ಕೊಂಡ ಕಾರು, ಬಂಟ್ವಾಳದ ಟ್ರಾಫಿಕ್ಕು. ಏರು ಶುರುವಾಗುವಲ್ಲಿ, ಮಾತು ಇನ್ನೂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವಾಗ, ವಿಜಯರಾಜರ ಎದೆಯ ಮೇಲೆ ಯಾರೋ ನೀರು ತುಂಬಿದ ಹಂಡೆ ತಂದು ಇಟ್ಟ ಹಾಗಾಯಿತು. ಹಂಡೆಯ ಭಾರ ಪಾತ್ರೆ ಮಾರುವವರಿಗೆ ಗೊತ್ತಿರುತ್ತದೆ. ಇದು ದೊಡ್ಡ ಸೈಜಿನದು. ಅಲ್ಲಿಂದ ಒಂದು ಸೆಳೆತ ದವಡೆಗೆ ಹತ್ತಿತು, ಇನ್ನೊಂದು ಎಡಗೈಯಲ್ಲಿ ಮೊಣಕೈವರೆಗೆ ಇಳಿಯಿತು. ಅವರು ನಿಂತರು. ನಿಂತದ್ದಕ್ಕೆ ಒಂದು ನೆವ ಬೇಕಲ್ಲ ಎಂದು ಮೊಬೈಲು ತೆಗೆದರು.

“ಎಂಥ ಮಾರಾಯ, ಈ ಹೊತ್ತಿಗೆ ಯಾರು ಮೆಸೇಜು ಹಾಕುದು?” ಎಂದ ಭೋಜ.

“ನೋಡ್ತಾ ಇದ್ದೇನೆ,” ಎಂದರು ವಿಜಯರಾಜರು.

ಸುಳ್ಳಲ್ಲ, ನೋಡುತ್ತಲೇ ಇದ್ದರು. ಮೂವತ್ತು ವರ್ಷ ಸುಳ್ಳು ಹೇಳದೆ ವ್ಯಾಪಾರ ಮಾಡಿದವರಿಗೆ ನಿಜವನ್ನು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಎರಡು ನಿಮಿಷದಲ್ಲಿ ಹಂಡೆ ಇಳಿಯಿತು.

“ಹೋಗುವ,” ಎಂದ ಭೋಜ.

“ವಾಪಸ್ ಹೋಗುವ.”

ಇನ್ನೊಬ್ಬರಾಗಿದ್ದರೆ ಅಂದೇ ಡಾಕ್ಟರ ಹತ್ತಿರ ಹೋಗುತ್ತಿದ್ದರು. ವಿಜಯರಾಜರು ಡಾಕ್ಟರ ಹತ್ತಿರ ಹೋದವರನ್ನು ಕಂಡಿದ್ದರು. ಅವರ ಅಣ್ಣ ಬೆಳ್ತಂಗಡಿಯಲ್ಲಿ ಜವಳಿ ಅಂಗಡಿ ಇಟ್ಟು ನಲವತ್ತು ವರ್ಷ ಒಂದೇ ಕಡೆ ಕೂತವರು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಅಣ್ಣ ಬಿಳಿ ಶೂ ಕೊಂಡರು, ನಡೆದರು, ಹತ್ತೊಂಬತ್ತನೆಯ ದಿನ ರಸ್ತೆಯಲ್ಲಿ ಬಿದ್ದರು. ಎತ್ತುವಾಗ ಜೀವ ಇರಲಿಲ್ಲ. ನಲವತ್ತು ವರ್ಷ ಕೂತದ್ದನ್ನು ಯಾರೂ ದೂರಲಿಲ್ಲ. ಹತ್ತೊಂಬತ್ತು ದಿನ ನಡೆದದ್ದನ್ನು ಮನೆತನವಿಡೀ ದೂರಿತು. ವಿಜಯರಾಜರ ತರ್ಕವೂ ಅದೇ ದಾರಿ ಹಿಡಿಯಿತು. ಡಾಕ್ಟರು ನಡೆ ಎನ್ನುತ್ತಾರೆ, ನಡೆದರೆ ಹಂಡೆ ಬರುತ್ತದೆ, ಹಂಡೆ ಬಂದರೆ ಅಣ್ಣನ ಹಾಗೆ. ಕೂತರೆ ಏನೂ ಆಗುವುದಿಲ್ಲ. ಆದ್ದರಿಂದ ಕೂರಬೇಕು.

ಆದರೆ ಸುಮ್ಮನೆ ಕೂರಲು ಹೆಂಡತಿ ಕಮಲಾವತಿ ಬಿಡಬೇಕಲ್ಲ. ಅವರು ಮಿಜಾರಿನ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ನೆವಗಳನ್ನು ಕೇಳಿ ನಿವೃತ್ತರಾದವರು. ಹೊಟ್ಟೆನೋವು, ಅಜ್ಜಿಯ ತಿಥಿ, ಬಸ್ಸು ಬರಲಿಲ್ಲ, ನಾಯಿ ಅಟ್ಟಿಸಿಕೊಂಡು ಬಂತು. ಅವರ ಮುಂದೆ ಯಾವುದೂ ನಡೆಯುವುದಿಲ್ಲ. ಹನ್ನೊಂದು ದಿನ ವಿಜಯರಾಜರು ಯೋಚಿಸಿದರು. ಮೂವತ್ತು ವರ್ಷಗಳಲ್ಲಿ ಯಾವ ಮಗುವೂ ಟೀಚರ ಮುಂದೆ ತಂದಿರದ ನೆವ ಒಂದಿತ್ತು.

ಜೈನ ಗೃಹಸ್ಥರಲ್ಲಿ ದೇಶಾವಕಾಶಿಕ ಎಂಬ ವ್ರತವುಂಟು. ಇಂತಿಷ್ಟು ಕಾಲ ಈ ಮನೆ, ಈ ಬೀದಿ ಬಿಟ್ಟು ಆಚೆ ಹೋಗುವುದಿಲ್ಲ ಎಂದು ತನಗೆ ತಾನೇ ಗಡಿ ಹಾಕಿಕೊಳ್ಳುವುದು. ಮಳೆಗಾಲದ ನಾಲ್ಕು ತಿಂಗಳು ನೆಲದ ತುಂಬ ಸೂಕ್ಷ್ಮ ಜೀವಿಗಳು; ಕಾಲು ಕಡಿಮೆ ಆಡಿಸಿದಷ್ಟೂ ಹಿಂಸೆ ಕಡಿಮೆ. ಹಳೆಯ ವ್ರತ, ಮರ್ಯಾದೆಯ ವ್ರತ. ಅದನ್ನು ಹಿಡಿದವರನ್ನು ಯಾರೂ ವಾಕಿಂಗಿಗೆ ಕರೆಯುವುದಿಲ್ಲ.

ಅಂಗಡಿಯ ಎದುರಿನ ಸಣ್ಣ ಬಸದಿಯಲ್ಲಿ ಪೂಜೆ ಮಾಡುವವರು ಶ್ರೇಯಾಂಸ್ ಇಂದ್ರ. ಇಪ್ಪತ್ತೆಂಟರ ಪ್ರಾಯ, ಬಿ.ಕಾಂ. ಓದಿದವರು. ವಿಜಯರಾಜರು ಅವರೆದುರು ಕೈಮುಗಿದು ನಿಂತರು.

“ಅಂಗಡಿ, ಮನೆ, ಬಸದಿ. ಕಾರ್ತಿಕದವರೆಗೆ ಅದರಾಚೆ ಇಲ್ಲ.”

“ಒಳ್ಳೇದು ವಿಜಯರಾಜಣ್ಣ. ಏನಾದ್ರೂ ಕಾರಣ ಉಂಟಾ?”

“ವ್ರತಕ್ಕೆ ಕಾರಣ ಹೇಳ್ಬೇಕಾ?”

“ಬೇಡ. ಕೇಳಿದೆ ಅಷ್ಟೆ.”

ಕಮಲಾವತಿಗೆ ಆಶ್ಚರ್ಯವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಗಂಡ ಸಿಡಿಲಿಗೆ ಹೆದರುವವರು, ಇಂಜೆಕ್ಷನ್ನಿಗೆ ಹೆದರುವವರು. ಒಮ್ಮೆ ಹಲ್ಲು ಕೀಳಿಸಲು ಮಂಗಳೂರಿಗೆಂದು ಹೊರಟು ಕೈಕಂಬದಲ್ಲೇ ಬಸ್ಸಿಳಿದು ವಾಪಸು ಬಂದವರು. ಅಂಥವರು ವ್ರತ ಹಿಡಿದರಲ್ಲ! ಭೋಜ ಬಂದಾಗ ಅವರೇ ಬಾಗಿಲಲ್ಲಿ ತಡೆದು ಹೇಳಿದರು, “ಇನ್ನು ನಾಲ್ಕು ತಿಂಗಳು ಇವ್ರನ್ನು ಕರೀಬೇಡಿ. ವ್ರತ.”

“ನಡೆಯುದಿಲ್ಲ ಅಂತ ವ್ರತವಾ?” ಭೋಜ ಬಾಯಿ ಕಳೆದ. “ಇದು ಮೊದಲೇ ಗೊತ್ತಿದ್ರೆ ನಾನೂ ಜೈನನಾಗ್ತಿದ್ದೆ ಮಾರಾಯ್ರೆ.”

ಶ್ರಾವಣ ಬಂತು. ಅಂಗಡಿಗೆ ತಾಗಿದ ಮನೆಯಲ್ಲಿ ಮಹಡಿಯ ಮೇಲಿನ ಮಲಗುವ ಕೋಣೆಗೆ ಹದಿನಾರು ಮೆಟ್ಟಿಲು. ಹತ್ತನೆಯದರಲ್ಲಿ ಒಂದು ದಿನ ಹಂಡೆ ಬಂತು. ಮರುದಿನ ವಿಜಯರಾಜರು ಮಹಡಿಯನ್ನು ಗಡಿಯಿಂದ ಹೊರಗೆ ಹಾಕಿದರು; ಕೆಳಗೆ ಆರಾಮಕುರ್ಚಿಯಲ್ಲೇ ನಿದ್ದೆ. ನಿದ್ದೆ ಎನ್ನುವುದು ಮಾತಿಗೆ. ಕಣ್ಣು ಮುಚ್ಚಿದೊಡನೆ ಅವರು ಎದೆಯ ಬಡಿತವನ್ನು ಕೇಳತೊಡಗುತ್ತಿದ್ದರು. ಬಡಿಯಿತು. ಮತ್ತೆ ಬಡಿಯಿತು. ಮುಂದಿನದು ಬರುವವರೆಗೆ ಉಸಿರು ಬಿಡುತ್ತಿರಲಿಲ್ಲ. ಪೂರ್ತಿ ಅಡ್ಡಾದರೆ ಏಳುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ. ಅರ್ಧ ಕೂತಿದ್ದರೆ ಸಾವು ಬಂದಾಗ ಎದ್ದು ನಿಲ್ಲಬಹುದು ಎಂಬ ಒಂದು ಧೈರ್ಯ. ಬೆಳಗಾದರೆ ಕಣ್ಣು ಕೆಂಪು, ಮೈ ಜಡ. ಆ ಜಡಕ್ಕೆ ಮತ್ತೆ ಕೂರುವುದೇ ಮದ್ದು.

ಹೊಟ್ಟೆ ತುಂಬ ಉಂಡ ಮೇಲೆ ಕೈತೊಳೆಯಲು ಹೋದರೂ ಎದೆ ಬಿಗಿಯುತ್ತಿತ್ತು. ಒಪ್ಪೊತ್ತು ಮಾಡಿದರು. ಭಾದ್ರಪದದಲ್ಲಿ ಬಸದಿಯ ಏಳು ಮೆಟ್ಟಿಲೂ ಭಾರವಾದವು. ಅಂಗಡಿಯ ಹೊಸ್ತಿಲಲ್ಲೇ ನಿಂತು ಎದುರಿಗೆ ಕೈಮುಗಿದರು. ಮಾತೂ ಕಡಿಮೆಯಾಯಿತು, ಹೆದರಿದವರಿಗೆ ಮಾತು ಕಡಿಮೆಯೇ. ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ಕೆಲಸಕ್ಕಿದ್ದ ಸುಧಾಕರ ಗಿರಾಕಿಗಳಿಗೆ ಹೇಳುತ್ತಿದ್ದ, “ನಮ್ಮ ಧನಿಗಳು ಒಂದೊಂದೇ ಬಿಡ್ತಾ ಬರ್ತಾ ಇದ್ದಾರೆ. ಮೊದ್ಲು ಪೇಟೆ, ಮತ್ತೆ ಮಹಡಿ, ರಾತ್ರಿ ಊಟ, ಈಗ ಬಸದಿಯೂ ಇಲ್ಲ. ಕೂತಲ್ಲಿಂದ ಅಲ್ಲಾಡುದಿಲ್ಲ. ಮುಖ ನೋಡಿ, ಎಂಥ ಶಾಂತಿ!”

ಆ ಶಾಂತಿಯನ್ನು ನೋಡಲು ಒಂದು ಬೆಳಿಗ್ಗೆ ಗ್ರೀಷ್ಮಾ ಎಂಬ ವಿದ್ಯಾರ್ಥಿನಿ ಬಂದಳು. ಪಾತ್ರೆ ಕೊಳ್ಳಲು ಬಂದವಳಲ್ಲ. ಮಿಜಾರಿನ ಕಡೆಯ ಕ್ಯಾಂಪಸ್ಸಿನಿಂದ, ಕೊರಳಲ್ಲಿ ಗುರುತುಚೀಟಿ, ಕೈಯಲ್ಲಿ ಟ್ಯಾಬು.

“ಅಂಕಲ್, ಹತ್ತು ನಿಮಿಷ ಸಾಕು. ಊರಿನ ದೊಡ್ಡವರು ದಿನಕ್ಕೆ ಎಷ್ಟು ನಡೀತಾರೆ, ಎಷ್ಟು ಕೂರ್ತಾರೆ, ಎಷ್ಟು ನಿದ್ದೆ ಮಾಡ್ತಾರೆ ಅಂತ ಒಂದು ಸರ್ವೆ.”

“ಕೂತೇ ಹೇಳ್ಬಹುದಾ?”

“ಹೇಳ್ಬಹುದು ಅಂಕಲ್. ವಾರದಲ್ಲಿ ಎಷ್ಟು ದಿನ ಏದುಸಿರು ಬರುವಷ್ಟು ಜೋರಿನ ಕೆಲಸ ಮಾಡ್ತೀರಿ?”

“ಇಲ್ಲ.”

“ಒಂದೇ ಸಮ ಹತ್ತು ನಿಮಿಷ ನಡೆಯುದು?”

“ಇಲ್ಲ.”

“ದಿನಕ್ಕೆ ಎಷ್ಟು ಗಂಟೆ ಕೂತಿರ್ತೀರಿ?”

ವಿಜಯರಾಜರು ಪ್ರಾಮಾಣಿಕವಾಗಿ ಲೆಕ್ಕ ಹಾಕಿದರು. “ಇಪ್ಪತ್ತು.”

“ನಿದ್ದೆ?”

“ಏಳು ಅಂತ ಬರಿ.”

ಹುಡುಗಿ ಒತ್ತಿದಳು. ಟ್ಯಾಬು ಕೆಂಪು ಅಕ್ಷರದಲ್ಲಿ ಏನೋ ಹೇಳಿತು. “ಇಪ್ಪತ್ತೂ ಏಳೂ ಇಪ್ಪತ್ತೇಳಾಗ್ತದೆ ಅಂಕಲ್. ಇದು ತಗೊಳ್ಳುದಿಲ್ಲ.”

“ನಿದ್ದೆ ಕೂತೇ ಮಾಡುದು ನಾನು.”

“ಕೂತು ನಿದ್ದೆ ಮಾಡುದಕ್ಕೆ ಇದ್ರಲ್ಲಿ ಜಾಗ ಇಲ್ಲ.”

“ನಮ್ಮ ಧನಿಗಳಿಗೆ ದಿನಕ್ಕೆ ಇಪ್ಪತ್ತೇಳು ಗಂಟೆ ಹಾಕಿ ಮೇಡಂ,” ಎಂದ ಸುಧಾಕರ ಏಣಿಯ ಮೇಲಿಂದ. “ವ್ರತದಲ್ಲಿ ಇದ್ದಾರೆ.”

ಗ್ರೀಷ್ಮಾ ನಗು ತಡೆದುಕೊಂಡು ಏನೋ ಹೊಂದಿಸಿ ಬರೆದಳು. “ಕಡೇ ಪ್ರಶ್ನೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ನೋವು, ಅಥವಾ ಬಿಗಿದ ಹಾಗೆ ಆಗ್ತದಾ?”

ಇಪ್ಪತ್ತರ ಪ್ರಾಯದ ಒಬ್ಬಳು ಹುಡುಗಿ, ಮಾವಿನಹಣ್ಣು ಸಿಹಿ ಉಂಟಾ ಎಂದು ಕೇಳುವ ಹಾಗೆ, ಮೂರು ತಿಂಗಳಿಂದ ಅವರು ಹೆಂಡತಿಯಿಂದ, ಗೆಳೆಯನಿಂದ, ಬಸದಿಯೊಳಗಿನ ದೇವರಿಂದ ಬಚ್ಚಿಟ್ಟದ್ದನ್ನು ಕೇಳುತ್ತಿದ್ದಳು. ಹೇಳಿಬಿಟ್ಟರೆ? ಹೇಳಿದರೆ ಅದು ನಿಜವಾಗುತ್ತದೆ.

“ನಾನು ನಡೆಯುದಿಲ್ಲ ಮಗಾ,” ಎಂದರು. “ಮೆಟ್ಟಿಲೂ ಹತ್ತುದಿಲ್ಲ.”

“ಹಾಗಾದ್ರೆ ಇಲ್ಲ,” ಎಂದು ಅವಳು ‘ಇಲ್ಲ’ದ ಮುಂದೆ ಗುರುತು ಹಾಕಿದಳು. ವಿಜಯರಾಜರು ಆ ಗುರುತನ್ನು ಇಣುಕಿ ನೋಡಿದರು. ದೊಡ್ಡ ಆಸ್ಪತ್ರೆಯ ರಿಪೋರ್ಟೇ ಕೈಗೆ ಬಂದ ಹಾಗೆ ಮನಸ್ಸು ಹಗುರವಾಯಿತು. ಅರ್ಧ ನಿಮಿಷ. ಆಮೇಲೆ, ಇನ್ನು ಕೇಳುವವರು ಯಾರೂ ಇಲ್ಲ ಎಂಬುದು ಹೊಳೆದು, ಮೊದಲಿಗಿಂತ ಜಾಸ್ತಿ ಹೆದರಿಕೆಯಾಯಿತು.

ಹುಡುಗಿಗೆ ಶರಬತ್ತು ತರುತ್ತಿದ್ದ ಕಮಲಾವತಿ ಒಳಬಾಗಿಲ ಪರದೆಯ ಹಿಂದೆ ನಿಂತುಬಿಟ್ಟಿದ್ದರು. ಹೋಮ್‌ವರ್ಕ್ ಮಾಡಿದ್ದೀಯಾ ಎಂದು ಕೇಳಿದರೆ ‘ಪುಸ್ತಕ ಮನೆಯಲ್ಲಿ ಉಂಟು ಟೀಚರ್’ ಎನ್ನುವ ಮಕ್ಕಳ ದನಿ ಅವರಿಗೆ ಗೊತ್ತಿತ್ತು. ಹುಡುಗಿ ಹೋದ ಮೇಲೆ ಬಂದು ಎದುರು ನಿಂತರು.

“ಎದೆ ನೋವು ಉಂಟಾ ಅಂತ ಕೇಳಿದ್ಳು ಅವ್ಳು.”

“ಉತ್ತರ ಹೇಳಿದೆನಲ್ಲ.”

“ಹೇಳಿದ್ರಿ. ಅವಳು ಕೇಳಿದ್ದಕ್ಕೆ ಅಲ್ಲ.”

ವಿಜಯರಾಜರು ಬೆನ್ನು ನೆಟ್ಟಗೆ ಮಾಡಿ, ಅಂಗೈ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿದರು. ಸಾಮಾಯಿಕ ಎಂದರೆ ನಲವತ್ತೆಂಟು ನಿಮಿಷದ ಧ್ಯಾನ, ಅದರ ನಡುವೆ ಮಾತಾಡಿಸುವ ಹಾಗಿಲ್ಲ. ಕಮಲಾವತಿ ನಲವತ್ತೆಂಟು ನಿಮಿಷ ಕಾದರು. ಅಷ್ಟರಲ್ಲಿ ನಾರಾವಿಯಿಂದ ದೂರದ ನೆಂಟರು, ಗಂಡ ಹೆಂಡತಿ ಇಬ್ಬರು, ಹಣ್ಣು ಹಿಡಿದುಕೊಂಡು ಬಂದುಬಿಟ್ಟರು.

ಅವರು ಹಣ್ಣಿಟ್ಟು, ವಿಜಯರಾಜರ ಪಾದ ಮುಟ್ಟಿ, “ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮೆ ಇರ್ಲಿ,” ಎಂದರು. ದಶಲಕ್ಷಣ ಪರ್ವ ಮುಗಿದಾಗ ಜೈನರು ಒಬ್ಬರೊಬ್ಬರ ಹತ್ತಿರ ಕ್ಷಮೆ ಕೇಳುವುದು ಪದ್ಧತಿ. ಆದರೆ ಅದು ಮುಗಿದು ಹದಿನೈದು ದಿನವಾಗಿತ್ತು. ತಡವಾಗಿ ಬಂದರು ಎಂದುಕೊಂಡರು ವಿಜಯರಾಜರು. ಅವರು ಹೋದ ಮೇಲೆ ಕಮಲಾವತಿ ಎದುರು ಬಂದಾಗಲೆಲ್ಲ ಮತ್ತೆ ಸಾಮಾಯಿಕ. ಮರುದಿನ ಅಳದಂಗಡಿಯವರು ಬಂದರು; ಅವರೂ ತಡ. ಮೂರನೆಯ ದಿನ ನಾಲ್ಕು ಮನೆಯವರು. ಎಲ್ಲರೂ ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಯಾರೂ ವ್ಯಾಪಾರ ಹೇಗುಂಟು ಎಂದು ಕೇಳಲಿಲ್ಲ. ಒಬ್ಬಾಕೆ ಮೊಮ್ಮಗುವನ್ನು ಮುಂದೆ ತಳ್ಳಿ, “ಸರಿಯಾಗಿ ನೋಡಿಕೋ, ಮತ್ತೆ ನೋಡ್ಲಿಕ್ಕೆ ಸಿಕ್ಕುದಿಲ್ಲ,” ಎಂದರು.

ವಿಜಯರಾಜರಿಗೆ ಆಗ ಹೊಳೆಯಿತು. ಇವರಿಗೆಲ್ಲ ಗೊತ್ತಾಗಿದೆ! ಹಂಡೆಯ ವಿಷಯ ಬಾಯಿ ಬಿಟ್ಟು ಹೇಳಿಲ್ಲ, ಹಾಗಾದರೆ ಮುಖದ ಮೇಲೆ ಬರೆದಿರಬೇಕು. ಎಲ್ಲರೂ ಹೋದ ಮೇಲೆ ಕೈಗೆ ಸಿಕ್ಕಿದ ಸ್ಟೀಲು ತಟ್ಟೆಯೊಂದನ್ನು ಎತ್ತಿ ಮುಖ ನೋಡಿಕೊಂಡರು. ತಟ್ಟೆಯಲ್ಲಿ ಯಾರ ಮುಖವೂ ಚೆನ್ನಾಗಿ ಕಾಣುವುದಿಲ್ಲ. ಹಣೆ ಉದ್ದವಾಗಿ, ಕೆನ್ನೆ ಇಳಿದು, ಕಣ್ಣು ಎರಡು ಗುಂಡಿಗಳಾಗಿ ಕಂಡವು. ಇಂಥ ಮುಖ ಹೊತ್ತವರು ಎಷ್ಟು ದಿನ ಇರುತ್ತಾರೆ? ಇನ್ನೊಂದು ತಟ್ಟೆಯಲ್ಲಿ ನೋಡಿದರು. ಮತ್ತೊಂದರಲ್ಲಿ. ಅಂಗಡಿ ತುಂಬ ತಟ್ಟೆಗಳಿದ್ದವು, ಎಲ್ಲದರಲ್ಲೂ ಅದೇ ಹೆಣದ ಮುಖ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಚಾವಡಿಯಲ್ಲಿ ಹದಿನೈದು ಜನ ಸೇರಿದ್ದರು. ಎದುರು ಬಸದಿಯಿಂದ ಶ್ರೇಯಾಂಸ್ ಇಂದ್ರರೂ ಏನು ಗೌಜಿ ಎಂದು ನೋಡಲು ಬಂದು ಗೋಡೆಗೊರಗಿ ನಿಂತಿದ್ದರು. ಭೋಜ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದ. ಒಳಗೆ ಬಂದರೆ ಮಾತಾಡಬಾರದು ಎಂದು ಯಾರೋ ಷರತ್ತು ಹಾಕಿದ್ದರಿಂದ ಹೊರಗೇ ಉಳಿದಿದ್ದ. ವೇಣೂರಿನ ಚಿಕ್ಕಮ್ಮ, ಎಪ್ಪತ್ತೆಂಟು ವರ್ಷ, ಮಂಡಿನೋವು, ಎರಡು ಬಸ್ಸು ಬದಲಿಸಿ ಬಂದವರು, ವಿಜಯರಾಜರ ಎದುರೇ ಕೂತು ಅವರ ಕೈ ಹಿಡಿದುಕೊಂಡರು.

“ನಮ್ಮ ದೊಡ್ಡಜ್ಜಿಯ ನಂತರ ಈ ಮನೆತನದಲ್ಲಿ ನೀನೇ ಮಗಾ.”

“ನಾನೇ ಎಂಥದು?”

“ನೀನು ಬಾಯಿ ಬಿಟ್ಟು ಹೇಳ್ದಿದ್ರೂ ಗೊತ್ತಾಗುದಿಲ್ವಾ? ಓಡಾಟ ಬಿಟ್ಟೆ, ಊಟ ಬಿಡ್ತಾ ಬಂದೆ, ಮಲಗುದೂ ಬಿಟ್ಟೆ. ಸಲ್ಲೇಖನ ಅಲ್ವಾ ಇದು?”

ವಿಜಯರಾಜರಿಗೆ ಕಿವಿಯಲ್ಲಿ ಗುಂಯ್ ಎಂದಿತು. ಸಲ್ಲೇಖನ ಎಂದರೆ ಅನ್ನ, ನೀರು ಒಂದೊಂದಾಗಿ ಕಡಿಮೆ ಮಾಡುತ್ತ, ಆಸೆ ಹೆದರಿಕೆ ಎರಡನ್ನೂ ಬಿಟ್ಟು, ಗುರುಗಳ ಅಪ್ಪಣೆ ಪಡೆದು ಸಾವನ್ನು ಎದುರುಗೊಳ್ಳುವುದು. ದೊಡ್ಡಜ್ಜಿ ಹಾಗೆ ಹೋದವರು. ಕೊನೆಯ ವಾರದಲ್ಲೂ ಸೊಸೆಯಂದಿರಿಗೆ ಉಪ್ಪಿನಕಾಯಿ ಭರಣಿ ಎಲ್ಲಿದೆಯೆಂದು ನಗುತ್ತ ಹೇಳಿದ್ದರಂತೆ. ಗೋಡೆಯ ಮೇಲಿನ ಅವರ ಫೋಟೋ ನೋಡಿದರೂ ವಿಜಯರಾಜರಿಗೆ ಚಿಕ್ಕಂದಿನಿಂದ ಹೆದರಿಕೆ. ಈಗ ಸಾವಿಗೆ ಹೆದರಿ ಕುರ್ಚಿ ಹಿಡಿದವನನ್ನು, ಸಾವನ್ನು ತಾನಾಗಿ ಆರಿಸಿಕೊಂಡವನೆಂದು ಊರು ಕೈಮುಗಿಯುತ್ತಿತ್ತು. ಆರಿಸಿಕೊಂಡವನಿಗೆ ಡಾಕ್ಟರನ್ನು ಯಾರು ಕರೆಯುತ್ತಾರೆ?

ಅಲ್ಲ, ಎನ್ನಲು ಬಾಯಿ ತೆರೆದರು. ಆಗಲೇ ಹಂಡೆ ಬಂತು.

ಕೂತಲ್ಲಿಗೇ ಬಂತು. ಮೂರು ತಿಂಗಳಲ್ಲಿ ಮೊದಲ ಸಲ, ಒಂದು ಹೆಜ್ಜೆ ಇಡದೆ, ಒಂದು ಮೆಟ್ಟಿಲು ಹತ್ತದೆ. ಅವರು ನಂಬಿದ್ದ ಒಂದೇ ಒಂದು ಜಾಗ, ಆ ಕುರ್ಚಿ, ಕೈಕೊಟ್ಟಿತು. ದವಡೆ ಬಿಗಿಯಿತು. ಎಡಗೈ ಸತ್ತ ಹಾಗಾಯಿತು. ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂತು. ಕಣ್ಣು ತಾನಾಗಿ ಮುಚ್ಚಿಕೊಂಡಿತು.

“ಧ್ಯಾನಕ್ಕೆ ಹೋದ್ರು,” ಎಂದು ಯಾರೋ ಪಿಸುಗುಟ್ಟಿದರು.

ಚಿಕ್ಕಮ್ಮ ಸಣ್ಣ ದನಿಯಲ್ಲಿ ಪಂಚ ನಮಸ್ಕಾರ ಮಂತ್ರ ಶುರು ಮಾಡಿದರು. ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ದಿನಾ ಹೇಳುವ ಮಂತ್ರವೇ. ಹೋಗುವವರ ಕಿವಿಯಲ್ಲಿ ಹೇಳುವುದೂ ಅದನ್ನೇ. ಅಪ್ಪನ ಕಿವಿಯಲ್ಲಿ ವಿಜಯರಾಜರೇ ಹೇಳಿದ್ದರು. ಎಷ್ಟು ಸಣ್ಣ ದನಿಯಲ್ಲಿ, ಎಷ್ಟು ನಿಧಾನವಾಗಿ ಹೇಳಬೇಕೆಂಬುದು ಅವರಿಗೆ ಗೊತ್ತಿತ್ತು. ಈಗ ಹದಿನೈದು ಬಾಯಿ ಅದೇ ದನಿಯಲ್ಲಿ, ಅದೇ ನಿಧಾನದಲ್ಲಿ ಅವರನ್ನು ಕಳಿಸಿಕೊಡುತ್ತಿತ್ತು. ಒಂದು ಸುತ್ತು ಮುಗಿಯಿತು. ಇನ್ನೊಂದು ಶುರುವಾಯಿತು. ಸುಮ್ಮನಿದ್ದರೆ ಇವರು ಎಷ್ಟು ಸುತ್ತಾದರೂ ಹೇಳುತ್ತಾರೆ, ನಾನು ಮುಗಿಯುವವರೆಗೂ ಹೇಳುತ್ತಾರೆ.

“ನಿಲ್ಲಿಸಿ!”

ಅಟ್ಟದಿಂದ ಮುಚ್ಚಳ ಬಿದ್ದಂತಿತ್ತು ದನಿ. ಮಂತ್ರ ನಿಂತಿತು.

“ನನಗೆ ಎದೆ ನೋವು. ಮೂರು ತಿಂಗಳಿಂದ ಉಂಟು. ಸಲ್ಲೇಖನ ಅಲ್ಲ, ಎಂಥದೂ ಅಲ್ಲ. ನನಗೆ ಹೆದರಿಕೆ ಆಗಿ ಕೂತದ್ದು. ಸಾಯ್ಲಿಕ್ಕೆ ಹೆದರಿಕೆ ನನಗೆ. ಕಮಲಾ, ಸಾಯ್ತೇನೆ ನಾನು, ಏನಾದ್ರೂ ಮಾಡು.”

ಪುಣ್ಯಾತ್ಮರ ಎದುರು ಹೇಗಿರಬೇಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ರೋಗಿಯ ಎದುರು ಹೇಗಿರಬೇಕೆಂದೂ ಗೊತ್ತಿತ್ತು. ಒಂದೇ ಮಾತಿನಲ್ಲಿ ಮೊದಲನೆಯವರು ಎರಡನೆಯವರಾದರೆ ಮುಗಿದ ಕೈಯನ್ನು ಏನು ಮಾಡಬೇಕು ಎಂಬುದು ತಿಳಿಯಲಿಲ್ಲ.

“ಹಾಗಾದ್ರೆ ನಾನು ಎರಡು ಬಸ್ಸು ಹಿಡಿದು ಬಂದದ್ದು ಎಂತಕ್ಕೆ?” ಎಂದರು ಚಿಕ್ಕಮ್ಮ.

ಕಮಲಾವತಿ ಆಗಲೇ ಬಾಗಿಲಲ್ಲಿದ್ದರು. “ಭೋಜಣ್ಣ, ಕಾರು!”

“ಎದುರೇ ಉಂಟಕ್ಕ. ಅಲ್ಲ ಮಾರಾಯ, ನನ್ನ ಹತ್ರ ಒಂದು ಮಾತು ಹೇಳ್ಲಿಕ್ಕೆ ನಿನಗೆ ಏನಾಗಿತ್ತು?”

ವಿಜಯರಾಜರು ಎದ್ದು ನಿಲ್ಲಲು ಹೋಗಿ ಹೊಸ್ತಿಲ ಕಡೆ ನೋಡಿದರು. ಅವರ ಮುಖದಲ್ಲಿ ಹೊಸದೊಂದು ಹೆದರಿಕೆ ಹುಟ್ಟಿತು. “ಗಡಿ,” ಎಂದರು. “ದೇವರ ಎದುರು ಹೇಳಿದ್ದೇನೆ. ಕಾರ್ತಿಕದವರೆಗೆ ಅಂತ.” ನೆವಕ್ಕೆ ಹಿಡಿದ ವ್ರತ ನಿಜವಾದ ವ್ರತವೇ ಆಗಿ ಅವರನ್ನು ಹಿಡಿದುಕೊಂಡಿತ್ತು. ಆಚೆ ಹೋದರೆ ಪಾಪ, ಈಚೆ ಉಳಿದರೆ ಸಾವು.

ಶ್ರೇಯಾಂಸ್ ಇಂದ್ರರು ಗೋಡೆ ಬಿಟ್ಟು ಮುಂದೆ ಬಂದರು. “ವಿಜಯರಾಜಣ್ಣ, ಹೆದರಿ ಕೂತದ್ದಕ್ಕೆ ವ್ರತ ಅಂತ ಹೆಸರಿಟ್ಟದ್ದು ನೀವು. ಅದಕ್ಕೆ ಪ್ರಾಯಶ್ಚಿತ್ತ ಉಂಟು. ಮತ್ತೆ ನೋಡುವ.”

“ಪ್ರಾಯಶ್ಚಿತ್ತ ಮಾಡ್ಲಿಕ್ಕೆ ಜೀವ ಬೇಕು,” ಎಂದರು ಕಮಲಾವತಿ. “ಹೊರಡಿ.”

“ನಡೆದು ಹೋಗ್ಬೇಕಾ?”

ಕಾರು ಹದಿನೈದು ಹೆಜ್ಜೆ ದೂರದಲ್ಲಿತ್ತು. ಭೋಜ ಒಂದು ಕಡೆ, ಸುಧಾಕರ ಇನ್ನೊಂದು ಕಡೆ ಹಿಡಿದು ಕುರ್ಚಿ ಸಮೇತ ಎತ್ತಿದರು. ಸಲ್ಲೇಖನದಲ್ಲಿ ಹೋದವರನ್ನು ಕೂತ ಭಂಗಿಯಲ್ಲೇ ಹೊತ್ತೊಯ್ಯುವುದು ಎಂಬುದು ಜೈನರ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಎದುರಿನ ಅಂಗಡಿಯವರು ಎದ್ದು ನಿಂತರು, ಇಬ್ಬರು ಚಪ್ಪಲಿ ಬಿಟ್ಟರು. ವಿಜಯರಾಜರಿಗೆ ಜೀವವೇ ಬಾಯಿಗೆ ಬಂತು. ತಾನಿನ್ನೂ ಬದುಕಿದ್ದೇನೆ ಎಂದು ತೋರಿಸಲು ಬಲಗೈ ಎತ್ತಿ ಜೋರಾಗಿ ಆಡಿಸಿದರು. ಆಶೀರ್ವಾದ ಮಾಡುತ್ತಿದ್ದಾರೆಂದು ಇನ್ನೂ ನಾಲ್ಕು ಜನ ಕೈಮುಗಿದರು.

ಊರಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಜಗಿಯಲು ಕೆಲವು ಮಾತ್ರೆ ಕೊಟ್ಟರು, ನಾಲಿಗೆಯ ಅಡಿಗೆ ಒಂದು ಇಟ್ಟರು. ಯಾವುದರಿಂದ ಮಾಡಿದ್ದು, ಅದರಲ್ಲಿ ತಿನ್ನಬಾರದ್ದು ಏನಾದರೂ ಉಂಟಾ ಎಂದು ವಿಜಯರಾಜರು ಜೀವಮಾನದಲ್ಲಿ ಮೊದಲ ಸಲ ಕೇಳಲಿಲ್ಲ. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಗಳೂರು. ದಾರಿಯುದ್ದಕ್ಕೂ ಅವರು ಕಮಲಾವತಿಯ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಕೈಕಂಬ ದಾಟುವಾಗ “ಇಳಿಯುದಾ?” ಎಂದು ಕಮಲಾವತಿ ಕೇಳಿದರು. ಅವರು ನಗಲಿಲ್ಲ, ಬೇಡ ಎಂದು ತಲೆ ಅಲ್ಲಾಡಿಸಿದರು.

ಡಾಕ್ಟರು ಮಗನ ಪ್ರಾಯದವರು. “ಮೊದಲ ಸಲ ನೋವು ಬಂದದ್ದು ಯಾವಾಗ?”

“ಆಷಾಢದಲ್ಲಿ.”

“ಮೂರು ತಿಂಗಳಾಯ್ತಲ್ಲ! ಇಷ್ಟು ದಿನ ಏನು ಮಾಡ್ತಿದ್ರಿ?”

“ಕೂತಿದ್ದೆ.”

ಡಾಕ್ಟರು ಕಮಲಾವತಿಯ ಮುಖ ನೋಡಿದರು. ಕಮಲಾವತಿ ಸೀಲಿಂಗು ನೋಡಿದರು.

ಒಂದು ರಕ್ತನಾಳ ಮುಕ್ಕಾಲಿಗಿಂತ ಹೆಚ್ಚು ಮುಚ್ಚಿಹೋಗಿತ್ತು. ಮಣಿಕಟ್ಟಿನಿಂದ ತಂತಿ ಹಾಕಿ, ಅಗಲ ಮಾಡಿ, ಸ್ಟೆಂಟು ಕೂರಿಸಿದರು. ಆಗ ವಿಜಯರಾಜರು ಎಚ್ಚರವಾಗಿಯೇ ಇದ್ದರು, ಎಷ್ಟು ಹೆದರಿದರೆಂದರೆ ಹೆದರಿಕೆ ಮುಗಿದುಹೋಯಿತು ಎಂದುಕೊಂಡರು. ಮುಗಿದಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ರಾಫಿಯಾ ಎಂಬ ಫಿಸಿಯೋಥೆರಪಿಸ್ಟು ಬಂದು ಮಂಚದ ಪಕ್ಕ ನಿಂತಳು.

“ಅಂಕಲ್, ಏಳಿ. ನಡೆಯುವ.”

“ಯಾರು?”

“ನೀವು ಮತ್ತೆ ನಾನು. ಈ ವರಾಂಡದ ಕೊನೆಯವರೆಗೆ.”

ವಿಜಯರಾಜರು ಹೆಂಡತಿಯ ಕಡೆ ತಿರುಗಿದರು. ಮೊದಲಾಗಿದ್ದರೆ ಈ ಹೊತ್ತಿಗೆ ಏನಾದರೂ ಒಂದು ತಿಥಿ, ಒಂದು ಮುಹೂರ್ತ, ಒಂದು ಮೌನ ಅವರ ಬಾಯಿಗೆ ಬಂದಿರುತ್ತಿತ್ತು. ಕಮಲಾವತಿ ಅದಕ್ಕೇ ಕಾಯುತ್ತಿದ್ದ ಹಾಗೆ ಕಂಡಿತು.

“ಇದಕ್ಕೆ ಹೆದರಿಕೆ ಆಗ್ತದೆ ನನಗೆ,” ಎಂದರು ವಿಜಯರಾಜರು. “ತಂತಿ ಹಾಕಿದ್ದಕ್ಕಿಂತ ಜಾಸ್ತಿ.”

“ಎಲ್ರಿಗೂ ಆಗ್ತದೆ ಅಂಕಲ್,” ಎಂದಳು ರಾಫಿಯಾ. “ಎದೆ ಬಿಗಿದ್ರೆ ಹೇಳಿ, ನಿಲ್ಲುವ. ಮುಚ್ಚಿಡ್ಬೇಡಿ.”

“ಅವ್ರಿಗೆ ಅದನ್ನು ಬರೆದು ಕೊಡು ಮಗಾ,” ಎಂದರು ಕಮಲಾವತಿ.

ವಿಜಯರಾಜರು ಕಾಲು ನೆಲಕ್ಕಿಳಿಸಿದರು. ನೆಲ ತಣ್ಣಗಿತ್ತು. ಒಂದು ಹೆಜ್ಜೆ. ಕಿವಿಯೆಲ್ಲ ಎದೆಯ ಕಡೆ. ಎರಡು. ಬಡಿತ ಜೋರಾಯಿತು, ಅದು ರೋಗದ್ದೋ, ನಡಿಗೆಯದೋ, ಹೆದರಿಕೆಯದೋ ತಿಳಿಯಲಿಲ್ಲ. ಗೋಡೆಯ ಕಂಬಿಯನ್ನು ಬೆರಳು ಬೆಳ್ಳಗಾಗುವಷ್ಟು ಹಿಡಿದುಕೊಂಡು, ಪಕ್ಕದ ಕೋಣೆಗಳ ರೋಗಿಗಳನ್ನು ನೋಡದೆ, ಉಸಿರು ಬಿಡುವುದನ್ನು ಎರಡು ಸಲ ಮರೆತು, ಅವರು ವರಾಂಡದ ಕೊನೆಯ ಕಿಟಕಿಯನ್ನು ಮುಟ್ಟಿದರು. ಬೆವರಿದ್ದರು. ಹಂಡೆ ಬಂದಿರಲಿಲ್ಲ. ಬರುವ ಹಾದಿಯಲ್ಲಿ ಎಲ್ಲೋ ಇರಬಹುದು.

“ಭಾರೀ ಒಳ್ಳೇದಾಯ್ತು,” ಎಂದಳು ರಾಫಿಯಾ. “ಇನ್ನು ವಾಪಸ್.”

ವಿಜಯರಾಜರು ತಿರುಗಿ ನೋಡಿದರು. ಮಂಚ ಇದ್ದ ಕೋಣೆಯ ಬಾಗಿಲು ಬಹಳ ದೂರದಲ್ಲಿ, ಅಂಗೈಯಷ್ಟು ಸಣ್ಣದಾಗಿ ಕಾಣುತ್ತಿತ್ತು. ಹೋದಷ್ಟೇ ದೂರ ತಿರುಗಿ ಬರಬೇಕು ಎಂಬುದನ್ನು ಅವರು ಯೋಚಿಸಿಯೇ ಇರಲಿಲ್ಲ.

“ಅದೂ ಇದಕ್ಕೇ ಸೇರಿದ್ದಾ?”

“ಮತ್ತೆ? ಇಲ್ಲೇ ಇರ್ತೀರಾ?” ಎಂದರು ಜೊತೆಗೇ ನಡೆದು ಬಂದಿದ್ದ ಕಮಲಾವತಿ. ಅವರ ದನಿ ಗಟ್ಟಿಯಾಗಿತ್ತು. ಗಂಡನ ಮೊಣಕೈಯನ್ನು ಮಾತ್ರ, ಅವರು ಕಂಬಿ ಹಿಡಿದ ಹಾಗೆಯೇ, ಬೆರಳು ಬೆಳ್ಳಗಾಗುವಷ್ಟು ಹಿಡಿದಿದ್ದರು. ವಿಜಯರಾಜರಿಗೆ ಅದು ತಿಳಿಯಿತು.

“ನಿನಗೂ ಹೆದರಿಕೆ ಉಂಟು,” ಎಂದರು.

“ಉಂಟು. ಕಾಲೆತ್ತಿ.”

ಅವರು ಕಾಲೆತ್ತಿದರು.